6174: ಯಾವ ನಾಲ್ಕಂಕಿ ಹಿಡಿದು ಹೊರಟರೂ ಇಲ್ಲಿಗೇ ಯಾಕೆ ಬರುತ್ತದೆ?

ದಾವಣಗೆರೆ_ಅಮ್ಮ · ಶನಿವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಆರನೇ ಕ್ಲಾಸು. ಗುರುವಾರ ಅವರ ಗಣಿತದ ಮಿಸ್ ಒಂದು ಆಟ ಹೇಳಿಕೊಟ್ಟಿದ್ದಾರೆ. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಆಟ ಹೀಗಿದೆ. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತೊಗೊಳ್ಳಿ. ನಾಲ್ಕೂ ಒಂದೇ ಅಂಕಿ ಇರಬಾರದು, ಅಷ್ಟೇ. ಆ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆಯಿರಿ, ಕೆಳಗೆ ಏರಿಕೆ ಕ್ರಮದಲ್ಲಿ ಬರೆಯಿರಿ, ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಿ. ನಮ್ಮ ಸ್ಕೂಟರ್ ನಂಬರ್ 4718. ಅವಳು ನೋಟ್‌ಬುಕ್‌ನಲ್ಲಿ ಬರೆದದ್ದು ಇದು:

8741 − 1478 = 7263
7632 − 2367 = 5265
6552 − 2556 = 3996
9963 − 3699 = 6264
6642 − 2466 = 4176
7641 − 1467 = 6174

6174 ಬಂದ ಮೇಲೆ ಅದರಿಂದ ಮತ್ತೆ 6174 ಬರುತ್ತದೆ, ಮುಂದೆ ಹೋಗುವುದೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ನಂಬರ್ ಹಿಡಿದಳು, ಅಪ್ಪನ ಫೋನಿನ ಕೊನೆಯ ನಾಲ್ಕಂಕಿ ಹಿಡಿದಳು. ಎಲ್ಲವೂ 6174! ಹನ್ನೊಂದು ಪುಟ ತುಂಬಿದೆ.

ನನಗೆ ಎರಡು ಪ್ರಶ್ನೆ. 2111 ಹಿಡಿದಾಗ ಮಾತ್ರ ಅವಳಿಗೆ ಸೊನ್ನೆ ಬಂತು. ಅದು ಯಾಕೆ? ಎರಡನೆಯದು, ಎಲ್ಲವೂ ಅಲ್ಲಿಗೇ ಯಾಕೆ ಹೋಗಬೇಕು? ನಾನು ಬಿ.ಕಾಂ ಓದಿದವಳು. ಅವಳು ಕೇಳಿದರೆ ಸುಮ್ನೆ "ಅದು ಹಾಗೇ" ಎನ್ನಲು ನನಗೆ ಮನಸ್ಸಿಲ್ಲ.

ನಿವೃತ್ತ_ಗಣಿತ_ಮೇಷ್ಟ್ರು · ಶನಿವಾರ, ರಾತ್ರಿ 9:15

ಮೇಡಂ, ಮೊದಲು ಆ ಮಿಸ್‌ಗೆ ನನ್ನ ನಮಸ್ಕಾರ ತಿಳಿಸಿ. ಆರನೇ ಕ್ಲಾಸಿನ ಮಗು ಹನ್ನೊಂದು ಪುಟ ಕಳೆಯುವ ಲೆಕ್ಕವನ್ನು ಖುಷಿಯಿಂದ ಮಾಡಿದೆ ಅಂದರೆ ಅದು ಸಣ್ಣ ಕೆಲಸ ಅಲ್ಲ. ಪಕ್ಕದ ಮನೆಯಿಂದ ಸಾಲ ತರುವ ಕಳೆಯುವ ಲೆಕ್ಕ ಅಂದರೆ ಮಕ್ಕಳು ಓಡಿಹೋಗುತ್ತಾರೆ.

ಸೊನ್ನೆಯ ವಿಷಯ ಸುಲಭ. 2111 − 1112 = 999. ಇಲ್ಲಿ ಮಗು ಮೂರೇ ಅಂಕಿ ಇದೆ ಅಂತ 999 − 999 ಮಾಡಿರಬೇಕು. ಹಾಗೆ ಮಾಡಬಾರದು. ಆಟ ನಾಲ್ಕು ಮನೆಯದು, ಮುಂದಿನ ಮನೆ ಖಾಲಿಯಾದರೆ ಅಲ್ಲಿ ಸೊನ್ನೆ ಕೂರಬೇಕು. ಅಂದರೆ 0999. ಈಗ ನೋಡಿ:

9990 − 0999 = 8991
9981 − 1899 = 8082
8820 − 0288 = 8532
8532 − 2358 = 6174

ಇದನ್ನು ಕಂಡುಹಿಡಿದವರು ನಮ್ಮ ಹಾಗೇ ಒಬ್ಬ ಶಾಲಾ ಮೇಷ್ಟ್ರು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಹುಟ್ಟಿದ್ದು 1905ರಲ್ಲಿ, ಮಹಾರಾಷ್ಟ್ರದ ಡಹಾಣುವಿನಲ್ಲಿ. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ, 1930ರಿಂದ 1962ರವರೆಗೆ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಪಾಠ ಹೇಳಿದರು. ಬಿಎಸ್ಸಿ ಆದ ಮೇಲೆ ಗಣಿತದಲ್ಲಿ ಇನ್ನೇನೂ ಡಿಗ್ರಿ ಮಾಡಲಿಲ್ಲ. 6174ರ ಈ ಗುಣವನ್ನು ಅವರು ಗಮನಿಸಿದ್ದು 1946ರಲ್ಲಿ, ಮದರಾಸಿನ ಗಣಿತ ಸಮ್ಮೇಳನದಲ್ಲಿ ಹೇಳಿದ್ದು 1949ರಲ್ಲಿ. ಈಗ ಇದಕ್ಕೆ ಕಾಪ್ರೇಕರ್ ಸ್ಥಿರಾಂಕ ಅಂತಲೇ ಹೆಸರು.

ಎರಡನೇ ಪ್ರಶ್ನೆಗೆ ನಾಳೆ ನಿಧಾನವಾಗಿ ಬರೆಯುತ್ತೇನೆ. ಅವಸರದಲ್ಲಿ ಹೇಳಿದರೆ ಅದರ ಅಂದ ಹೋಗುತ್ತದೆ.

ಕೋಡ್_ಕಾವೇರಿ · ಶನಿವಾರ, ರಾತ್ರಿ 10:50

ಓದಿ ತಡೆಯಲಾಗಲಿಲ್ಲ. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಹತ್ತು ಸಾಲು ಬರೆದು 1000ದಿಂದ 9999ರವರೆಗೆ ಎಲ್ಲವನ್ನೂ ಓಡಿಸಿದೆ. 1111, 2222 ಥರದ ಒಂಬತ್ತನ್ನು ಬಿಟ್ಟರೆ ಉಳಿಯುವುದು 8991 ಸಂಖ್ಯೆ. ಒಂದೂ ತಪ್ಪಿಸಿಕೊಳ್ಳಲಿಲ್ಲ. ಏಳು ಹೆಜ್ಜೆಗಿಂತ ಜಾಸ್ತಿ ಯಾವುದಕ್ಕೂ ಬೇಕಾಗಲಿಲ್ಲ.

ಒಂದೇ ಹೆಜ್ಜೆಯಲ್ಲಿ ತಲುಪುವವು 356, ಎರಡರಲ್ಲಿ 519, ಮೂರರಲ್ಲಿ 2124, ನಾಲ್ಕರಲ್ಲಿ 1124, ಐದರಲ್ಲಿ 1379, ಆರರಲ್ಲಿ 1508, ಏಳರಲ್ಲಿ 1980. ಇನ್ನು 6174 ತಾನೇ ಒಂದು. ಕೂಡಿ ನೋಡಿ, 8991 ಸರಿಯಾಗಿ ಬರುತ್ತದೆ.

ನನಗೆ ವಿಚಿತ್ರ ಅನ್ನಿಸಿದ್ದು ಮೂರನೇ ಹೆಜ್ಜೆ. ಯಾಕೆ ಅಲ್ಲಿ ಅಷ್ಟು ದಟ್ಟಣೆ, ಆಮೇಲೆ ಇಳಿದು, ಮತ್ತೆ ಏಳಕ್ಕೆ ಯಾಕೆ ಏರುತ್ತದೆ? ಮೇಷ್ಟ್ರು ಹೇಳಬೇಕು.

ಪುಣೆ_ಕನ್ನಡಿಗ · ಭಾನುವಾರ, ಬೆಳಿಗ್ಗೆ 7:20

ನಾನು ಇಪ್ಪತ್ತು ವರ್ಷದಿಂದ ಈ ಕಡೆ ಇದ್ದೇನೆ. ಕಾಪ್ರೇಕರ್ ಅವರ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಜನ 6174 ಒಂದನ್ನೇ ಹೇಳಿ ಮುಗಿಸುತ್ತಾರೆ.

ಅವರು ಸಂಖ್ಯೆಗಳಿಗೆ ಇಟ್ಟ ಹೆಸರುಗಳೇ ಚೆಂದ. 1, 121, 12321 ಇವು 1, 11, 111ರ ವರ್ಗಗಳು. ಈ ಜಾತಿಯ ಸಂಖ್ಯೆಗಳಿಗೆ ಅವರು ಡೆಮ್ಲೋ ಸಂಖ್ಯೆ ಎಂದರು. ಡೆಮ್ಲೋ ಅಂದರೆ ಮುಂಬೈಯಿಂದ ಸುಮಾರು 30 ಮೈಲಿ ದೂರದ ಒಂದು ರೈಲ್ವೆ ಸ್ಟೇಷನ್. ಆ ಯೋಚನೆ ಹೊಳೆದದ್ದು ಅಲ್ಲಿ, ಅದಕ್ಕೇ ಆ ಹೆಸರು.

ಇನ್ನೊಂದು ಸ್ವಯಂಭೂ ಸಂಖ್ಯೆ. 21 ತೊಗೊಂಡು ಅದರ ಅಂಕಿಗಳನ್ನು ಅದಕ್ಕೇ ಕೂಡಿಸಿ: 21 + 2 + 1 = 24. ಹಾಗಾಗಿ 24ಕ್ಕೆ 21 ತಾಯಿ. ಆದರೆ 20ಕ್ಕೆ ಇಂಥ ತಾಯಿ ಯಾರೂ ಇಲ್ಲ. 31ಕ್ಕೂ ಇಲ್ಲ, 42ಕ್ಕೂ ಇಲ್ಲ. ಅವು ತಾವೇ ಹುಟ್ಟಿಕೊಂಡವು, ಸ್ವಯಂಭೂ. ಗುಡಿಯಲ್ಲಿ ಲಿಂಗಕ್ಕೆ ಹೇಳುವ ಮಾತನ್ನು ಸಂಖ್ಯೆಗೆ ತಂದರಲ್ಲ, ಅದು ನನಗೆ ತುಂಬ ಇಷ್ಟ.

ಬದುಕಿದ್ದಾಗ ನಮ್ಮ ದೇಶದಲ್ಲಿ ಅವರ ಕೆಲಸವನ್ನು ಬಹಳ ಜನ ಗಂಭೀರವಾಗಿ ತೊಗೊಳ್ಳಲಿಲ್ಲ. ಇದೆಲ್ಲ ಬರೀ ಆಟ ಅಂದರು. ಅವರು ಚಿಕ್ಕ ಚಿಕ್ಕ ಪುಸ್ತಕ ಮಾಡಿ ತಾವೇ ಅಚ್ಚು ಹಾಕಿಸಿದರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೊರಗಿನ ಜಗತ್ತಿಗೆ ಹೆಸರು ಗೊತ್ತಾಯಿತು. ಆಗ ಅವರಿಗೆ ಎಪ್ಪತ್ತು ವರ್ಷ. 1986ರಲ್ಲಿ ತೀರಿಕೊಂಡರು. ಎಪ್ಪತ್ತರವರೆಗೆ ಕಾದರಲ್ಲ ಅನ್ನಿಸಿ ಸಂಕಟವಾಗುತ್ತದೆ.

ನಿವೃತ್ತ_ಗಣಿತ_ಮೇಷ್ಟ್ರು · ಭಾನುವಾರ, ಬೆಳಿಗ್ಗೆ 10:05

ಈಗ ಎರಡನೇ ಪ್ರಶ್ನೆ. ಮೇಡಂ, ಒಂದು ಹಾಳೆ ಪೆನ್ನು ಇಟ್ಟುಕೊಂಡು ಓದಿ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಾಲ್ಕು ಅಂಕಿಯನ್ನು ಇಳಿಕೆ ಕ್ರಮದಲ್ಲಿ ಕ, ಖ, ಗ, ಘ ಅನ್ನೋಣ. ಮೇಲಿನ ಸಾಲಿನಲ್ಲಿ ಕ ಸಾವಿರದ ಮನೆಯಲ್ಲಿದೆ. ಕೆಳಗಿನ ಸಾಲಿನಲ್ಲಿ ಅದೇ ಕ ಬಿಡಿ ಮನೆಗೆ ಹೋಗಿದೆ. ಅಂದರೆ ಕ ಸಾವಿರ ಸಲ ಬಂದು ಒಂದು ಸಲ ಹೋಯಿತು. ಉಳಿದದ್ದು 999 ಸಲ. ಘ ಇದಕ್ಕೆ ತಿರುಗು ಮುರುಗು: ಒಂದು ಸಲ ಬಂದು ಸಾವಿರ ಸಲ ಹೋಯಿತು. ಖ ನೂರು ಸಲ ಬಂದು ಹತ್ತು ಸಲ ಹೋಯಿತು, ಉಳಿದದ್ದು 90. ಗ ಅದರ ತಿರುಗು.

ಹಾಗಾದರೆ ಉತ್ತರ ಯಾವಾಗಲೂ ಇಷ್ಟೇ:

999 × (ಕ − ಘ) + 90 × (ಖ − ಗ)

ಇಲ್ಲಿ ಒಂದು ನಿಮಿಷ ನಿಲ್ಲಿ. ಅಂಕಿ ನಾಲ್ಕಿದ್ದರೂ ಉತ್ತರಕ್ಕೆ ಬೇಕಾದದ್ದು ಎರಡೇ ವ್ಯತ್ಯಾಸ. ಹೊರಗಿನ ಎರಡು ಅಂಕಿಗಳ ವ್ಯತ್ಯಾಸ, ಒಳಗಿನ ಎರಡರ ವ್ಯತ್ಯಾಸ. 9751, 8640, 9641 ಮೂರನ್ನೂ ನೋಡಿ. ಮೂರರಲ್ಲೂ ಹೊರವ್ಯತ್ಯಾಸ 8, ಒಳವ್ಯತ್ಯಾಸ 2. ಮೂರಕ್ಕೂ ಮೊದಲ ಉತ್ತರ 8172. ಬೇರೆ ಬೇರೆ ಊರಿಂದ ಬಂದವರು ಮೊದಲ ಹೆಜ್ಜೆಗೇ ಒಂದೇ ಬಸ್ಸು ಹತ್ತಿದರು.

ಹೊರವ್ಯತ್ಯಾಸ 1ರಿಂದ 9ರವರೆಗೆ ಇರಬಹುದು. ಒಳವ್ಯತ್ಯಾಸ ಹೊರಗಿನದಕ್ಕಿಂತ ದೊಡ್ಡದಾಗಲು ಸಾಧ್ಯವಿಲ್ಲ. ಹೊರಗಿನದು 1 ಆದರೆ ಒಳಗೆ 0 ಅಥವಾ 1, ಎರಡು ಬಗೆ. ಹೊರಗಿನದು 2 ಆದರೆ ಮೂರು ಬಗೆ. ಹೀಗೆ 2 + 3 + 4 … + 10 = 54. ಅಂದರೆ ಎಂಟು ಸಾವಿರದ ಒಂಬೈನೂರ ಚಿಲ್ಲರೆ ಸಂಖ್ಯೆಗಳು ಒಂದೇ ಏಟಿಗೆ 54 ಉತ್ತರಗಳ ಒಳಗೆ ಬಂದು ಬಿದ್ದವು!

ಈ 54ರಲ್ಲೂ ಅವೇ ಅಂಕಿಗಳು ಜಾಗ ಬದಲಿಸಿ ಕೂತಿರುವವು ಇವೆ. ಇಳಿಕೆ ಕ್ರಮದಲ್ಲಿ ಬರೆದರೆ ಅವೆಲ್ಲ ಒಂದೇ. ಅವನ್ನು ಒಂದುಗೂಡಿಸಿದರೆ ಉಳಿಯುವುದು 30. ಮೂವತ್ತು ಲೆಕ್ಕ ಕೈಯಲ್ಲೇ ಮಾಡಿ ನೋಡಿದರೆ ಮುಗಿಯಿತು. ಮೂವತ್ತೂ 6174 ತಲುಪುತ್ತವೆ. ಸಾಧನೆ ಅಂದರೆ ಇಷ್ಟೇ.

ದಾವಣಗೆರೆ_ಅಮ್ಮ · ಭಾನುವಾರ, ಬೆಳಿಗ್ಗೆ 11:30

ಮೇಷ್ಟ್ರೇ, ಅರ್ಥವಾಯಿತು! 9751, 8640 ಎರಡನ್ನೂ ಮಾಡಿ ನೋಡಿದೆವು, 8172 ಬಂದಾಗ ಅವಳು ಚಪ್ಪಾಳೆ ತಟ್ಟಿದಳು. "ಸಾವಿರ ಸಲ ಬಂದು ಒಂದು ಸಲ ಹೋಯಿತು" ಅನ್ನುವುದು ಅವಳಿಗೆ ತಕ್ಷಣ ಹಿಡಿಯಿತು. ನನಗೆ ಎರಡು ಸಲ ಓದಬೇಕಾಯಿತು.

ಮಲೆನಾಡ_ಮಗಳು · ಭಾನುವಾರ, ಮಧ್ಯಾಹ್ನ 3:10

ಊಟ ಆದ ಮೇಲೆ ಆ ಮೂವತ್ತನ್ನೂ ಮಾಡಿದೆ. ಹಳೇ ಕ್ಯಾಲೆಂಡರಿನ ಹಿಂಬದಿ ಹರಡಿಕೊಂಡು, ನಡುವೆ 6174 ಬರೆದು, ಯಾವುದರಿಂದ ಯಾವುದು ಅಂತ ಬಾಣ ಎಳೆದೆ. ಮುಗಿದಾಗ ಹೊಳೆಯ ನಕ್ಷೆ ಥರ ಕಾಣಿಸಿತು. ಸಣ್ಣ ಹಳ್ಳಗಳು ಸೇರುತ್ತಾ, ಸೇರುತ್ತಾ ದೊಡ್ಡ ಹೊಳೆ ಆಗಿ ಒಂದೇ ಕಡೆ ಹೋಗುತ್ತವೆ.

ಅತಿ ಉದ್ದದ ಹೊಳೆಗಳಲ್ಲಿ ಒಂದು ಹೀಗೆ ಹರಿಯುತ್ತದೆ: 9351, 8172, 7443, 3996, 6264, 4176, 6174. ಇದರಲ್ಲಿ ಇನ್ನೊಂದು ಸಿಕ್ಕಿತು. ಕಾಪ್ರೇಕರ್ ಹುಟ್ಟಿದ ವರ್ಷ 1905 ಹಿಡಿದು ನೋಡಿ. 9510 − 0159 = 9351. ಆ ಹೊಳೆಯ ತುದಿಗೇ ಹೋಗಿ ಬೀಳುತ್ತದೆ, ಪೂರ್ತಿ ಏಳು ಹೆಜ್ಜೆ. ಮದರಾಸಿನಲ್ಲಿ ಹೇಳಿದ 1949ಕ್ಕೂ ಏಳೇ ಹೆಜ್ಜೆ, ಆದರೆ ಬೇರೆ ದಾರಿ: 8442, 5994, 5355, 1998, 8082, 8532, 6174. ಇದು ಕಾಕತಾಳೀಯ ಅಂತ ಗೊತ್ತು. ಆದರೂ ಬರೆಯುವಾಗ ಮೈ ಜುಮ್ಮೆಂದಿತು.

ನಮ್ಮ ರಾಜ್ಯ ಆದ 1956ಕ್ಕೆ ಮೂರೇ ಹೆಜ್ಜೆ. ಕರ್ನಾಟಕ ಅಂತ ಹೆಸರು ಬಂದ 1973ಕ್ಕೆ ಎರಡೇ: 9731 − 1379 = 8352, ಆಮೇಲೆ 6174.

ಕೋಡ್_ಕಾವೇರಿ · ಭಾನುವಾರ, ಮಧ್ಯಾಹ್ನ 3:45

ಈಗ ನನ್ನ ಪ್ರಶ್ನೆಗೂ ಉತ್ತರ ಸಿಕ್ಕ ಹಾಗಾಯಿತು. 54 ಉತ್ತರಗಳಿಗೆ ಎಲ್ಲ ಸಂಖ್ಯೆಗಳೂ ಸಮನಾಗಿ ಬಂದು ಬೀಳುವುದಿಲ್ಲ. ಕೆಲವು ವ್ಯತ್ಯಾಸದ ಜೋಡಿಗೆ ನೂರಾರು ಸಂಖ್ಯೆ ಇವೆ, ಕೆಲವಕ್ಕೆ ಬೆರಳೆಣಿಕೆ. ಯಾವ ಹಳ್ಳಕ್ಕೆ ಮಳೆ ಜಾಸ್ತಿ ಬಿತ್ತು ಅನ್ನುವುದರ ಮೇಲೆ ನನ್ನ ಆ ಏರಿಳಿತ ನಿಂತಿದೆ. ಕ್ಯಾಲೆಂಡರಿನ ಫೋಟೋ ಇದ್ದರೆ ದಯವಿಟ್ಟು ಹಾಕಿ.

ಹೊಸಬ_ಹುಬ್ಬಳ್ಳಿ · ಭಾನುವಾರ, ಸಂಜೆ 5:00

ಒಂದು ಸಂಶಯ, ತಪ್ಪಾದರೆ ಕ್ಷಮಿಸಿ. ನಮ್ಮ ಪರಿಚಯದವರೊಬ್ಬರು 6174 ದೈವಿಕ ಸಂಖ್ಯೆ, ಗಾಡಿಗೆ ಈ ನಂಬರ್ ಇದ್ದರೆ ಒಳ್ಳೆಯದು ಅಂತ ಹೇಳುತ್ತಿದ್ದರು. ಅದಕ್ಕೆ ಏನಾದರೂ ಆಧಾರ ಇದೆಯಾ?

ನಿವೃತ್ತ_ಗಣಿತ_ಮೇಷ್ಟ್ರು · ಭಾನುವಾರ, ಸಂಜೆ 6:20

ಕೇಳಿದ್ದು ಒಳ್ಳೆಯದೇ ಆಯಿತು ತಮ್ಮಾ, ಕ್ಷಮೆ ಯಾಕೆ?

6174 ಹೀಗಾದದ್ದು ನಾವು ಹತ್ತರ ಲೆಕ್ಕದಲ್ಲಿ ಎಣಿಸುತ್ತೇವೆ ಅನ್ನುವ ಕಾರಣಕ್ಕೆ. ಕೈಯಲ್ಲಿ ಹತ್ತು ಬೆರಳಿವೆ, ಹತ್ತರಲ್ಲಿ ಎಣಿಸುತ್ತೇವೆ. ಒಂದೇ ಕೈಯ ಐದರ ಲೆಕ್ಕದಲ್ಲಿ ಎಣಿಸುವ ಜನ ಇದ್ದರೆ ಅವರ ಆಟದಲ್ಲಿ 3032 ಅನ್ನುವ ಬರಹ ತನ್ನಲ್ಲೇ ನಿಲ್ಲುತ್ತದೆ, 6174 ಅಲ್ಲ. ಹತ್ತರ ಲೆಕ್ಕದಲ್ಲೇ ಮನೆ ಬದಲಾದರೂ ಕಥೆ ಬದಲಾಗುತ್ತದೆ. ಮೂರಂಕಿಗೆ 495 (954 − 459 = 495). ಎರಡಂಕಿಗೆ ನಿಲ್ಲುವ ಜಾಗವೇ ಇಲ್ಲ: 09, 81, 63, 27, 45, ಮತ್ತೆ 09, ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಐದಂಕಿಗೂ ನಿಲುಗಡೆ ಇಲ್ಲ, ಮೂರು ಬೇರೆ ಬೇರೆ ಸುತ್ತುಗಳಿವೆ. ಅದರಲ್ಲಿ ಚಿಕ್ಕದು 53955, 59994 ಎರಡರದು. ಆರಂಕಿಗೆ ಎರಡು ನಿಲ್ದಾಣ, 549945 ಮತ್ತು 631764, ಜೊತೆಗೆ ಒಂದು ಸುತ್ತು ಕೂಡ.

ಗಾಡಿಯ ನಂಬರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ನಂಬರಿಗಾಗಿ ದುಡ್ಡು ಕೊಡಬೇಡಿ. ಇದರ ಬೆಲೆ ಇರುವುದು ಅರ್ಥ ಮಾಡಿಕೊಂಡಾಗ ಸಿಗುವ ಸಂತೋಷದಲ್ಲಿ.

ಆ ಸಂತೋಷಕ್ಕೆ ಇನ್ನೊಂದಿಷ್ಟು ಕೊಡುತ್ತೇನೆ. 6174ರ ಅಂಕಿಗಳನ್ನು ಕೂಡಿಸಿ: 18. ಈಗ 6174ನ್ನು 18ರಿಂದ ಭಾಗಿಸಿ: 343, ಶೇಷ ಇಲ್ಲ. 343 ಅಂದರೆ 7 × 7 × 7. ತನ್ನ ಅಂಕಿಗಳ ಮೊತ್ತದಿಂದ ಹೀಗೆ ಭಾಗವಾಗುವ ಸಂಖ್ಯೆಗೆ ಹರ್ಷದ ಸಂಖ್ಯೆ, ಹರ್ಷ ಕೊಡುವ ಸಂಖ್ಯೆ ಅಂತ ಹೆಸರು. ಹೆಸರಿಟ್ಟವರು ಅದೇ ಕಾಪ್ರೇಕರ್.

ಆ 18ನ್ನೇ ಇನ್ನೊಮ್ಮೆ ಹಿಡಿಯಿರಿ. 18, ಅದರ ವರ್ಗ 324, ಅದರ ಘನ 5832. ಮೂರನ್ನೂ ಕೂಡಿಸಿ. ಉತ್ತರ ನಾನು ಬರೆಯುವುದಿಲ್ಲ, ನೀವೇ ಕೂಡಿಸಿ.

ಹೊಸಬ_ಹುಬ್ಬಳ್ಳಿ · ಭಾನುವಾರ, ಸಂಜೆ 6:31

ಅಯ್ಯೋ, 6174! ಸರ್, ಇದನ್ನು ಅವರಿಗೂ ತೋರಿಸುತ್ತೇನೆ. ಧನ್ಯವಾದ.

ದಾವಣಗೆರೆ_ಅಮ್ಮ · ಸೋಮವಾರ, ರಾತ್ರಿ 8:15

ಮಗಳು ಇವತ್ತು ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ಪ್ರತಿ ಲೆಕ್ಕದಲ್ಲೂ 6174ರ ಮೇಲಿನ ಸಾಲಿನ ಉತ್ತರಕ್ಕೆ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿದ್ದಾಳೆ. "ಅಮ್ಮಾ, ಕೊನೆಗಿಂತ ಮುಂಚೆ ಯಾವಾಗಲೂ ಇವು ಮೂರೇ ಬರುತ್ತವೆ, ನೋಡು" ಅಂದಳು. 4176, 8352, 8532. ನಾನು ಪುಟ ಪುಟ ತಿರುವಿ ನೋಡಿದೆ. ನಿಜ, ಬೇರೆ ಇಲ್ಲವೇ ಇಲ್ಲ! ಇದು ಅವಳಿಗೆ ಸಿಕ್ಕ ಸಂಖ್ಯೆಗಳಲ್ಲಿ ಮಾತ್ರವೋ, ಎಲ್ಲಕ್ಕೂ ಹೀಗೆಯೋ?

ಕೋಡ್_ಕಾವೇರಿ · ಸೋಮವಾರ, ರಾತ್ರಿ 8:40

ಈಗಷ್ಟೇ ಓಡಿಸಿ ನೋಡಿದೆ. ಒಂದೇ ಹೆಜ್ಜೆಯಲ್ಲಿ ತಲುಪುವ ಆ 356ನ್ನು ಬಿಟ್ಟರೆ ಉಳಿದ ಎಲ್ಲವೂ ಆ ಮೂರು ಬಾಗಿಲಲ್ಲಿ ಒಂದರಿಂದಲೇ ಒಳಗೆ ಬರುತ್ತವೆ. ಪುಟ್ಟಿ ಹೇಳಿದ್ದು ಪೂರ್ತಿ ಸರಿ. ನಾನು ಶನಿವಾರವೇ ಇಡೀ ಪಟ್ಟಿ ಕೈಯಲ್ಲಿ ಇಟ್ಟುಕೊಂಡಿದ್ದೆ, ಇದು ನನ್ನ ಕಣ್ಣಿಗೆ ಬೀಳಲಿಲ್ಲ.

ನಿವೃತ್ತ_ಗಣಿತ_ಮೇಷ್ಟ್ರು · ಸೋಮವಾರ, ರಾತ್ರಿ 9:30

ಮಗುವಿಗೆ ನನ್ನ ಆಶೀರ್ವಾದ. ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ, ಈ ಆಟವನ್ನು ಹಲವಾರು ಸಲ ತರಗತಿಯಲ್ಲಿ ಆಡಿಸಿದ್ದೇನೆ. ಕೊನೆಯ ಹಿಂದಿನ ಸಾಲನ್ನು ನಾನು ಹೀಗೆ ನೋಡಿರಲಿಲ್ಲ. ಯಾಕೆ ಮೂರೇ ಅನ್ನುವುದಕ್ಕೆ ಕಾರಣ ಕೊಡುತ್ತೇನೆ, ಮಗುವಿಗೆ ಓದಿ ಹೇಳಿ.

ನೋಟ್‌ಬುಕ್‌ನಲ್ಲಿ ಯಾವುದಾದರೂ ಉತ್ತರ ನೋಡಪ್ಪಾ ಪುಟ್ಟಿ. 8172 ಅನ್ನು. ಹೊರಗಿನ ಎರಡು ಅಂಕಿ ಕೂಡಿಸಿದರೆ 8 + 2 = 10. ಒಳಗಿನ ಎರಡು ಕೂಡಿಸಿದರೆ 1 + 7 = 8. 4176ರಲ್ಲೂ ಹಾಗೇ, 6264ರಲ್ಲೂ ಹಾಗೇ. ನಡುವೆ ಎರಡು 9 ಬರುವ ಉತ್ತರಗಳಲ್ಲಿ ಮಾತ್ರ ಹೀಗಾಗುವುದಿಲ್ಲ, 3996 ಥರ. ಅವು ಒಳವ್ಯತ್ಯಾಸ ಸೊನ್ನೆ ಆದಾಗ ಬರುತ್ತವೆ.

ಹಾಗಾದರೆ ಹೊರಗಿನ ಜೋಡಿ 9-1, 8-2, 7-3, 6-4, 5-5 ಇವುಗಳಲ್ಲಿ ಒಂದು. ಒಳಗಿನ ಜೋಡಿ 8-0, 7-1, 6-2, 5-3, 4-4 ಇವುಗಳಲ್ಲಿ ಒಂದು. ಐದೈದಲಿ ಇಪ್ಪತ್ತೈದು. ಎರಡು 9 ಇರುವವು ಐದು ಬಗೆ. ನಿನ್ನೆ ಹೇಳಿದ 30 ಬಂದದ್ದು ಹೀಗೆ.

ಮುಂದಿನ ಹೆಜ್ಜೆಗೆ 6174 ಬರಬೇಕಾದರೆ, ಇಳಿಕೆ ಕ್ರಮದಲ್ಲಿ ಬರೆದಾಗ ಹೊರವ್ಯತ್ಯಾಸ 6, ಒಳವ್ಯತ್ಯಾಸ 2 ಇರಲೇಬೇಕು. ಮೂವತ್ತರಲ್ಲಿ ಹುಡುಕಿದರೆ ಎರಡೇ ಗುಂಪು ಸಿಗುತ್ತವೆ: 8, 5, 3, 2 ಮತ್ತು 7, 6, 4, 1. ಮೊದಲ ಗುಂಪಿನಿಂದ ಉತ್ತರವಾಗಿ ಬರಬಲ್ಲವು 8352, 8532. ಎರಡನೆಯದರಿಂದ 4176, ಮತ್ತೆ 6174 ತಾನೇ. ಬೇರೆ ಜೋಡಣೆಗಳಲ್ಲಿ ಒಳವ್ಯತ್ಯಾಸ ಹೊರಗಿನದಕ್ಕಿಂತ ದೊಡ್ಡದಾಗಿಬಿಡುತ್ತದೆ, ಹಾಗಾಗಿ ಅವು ಹುಟ್ಟುವುದೇ ಇಲ್ಲ.

ಪುಟ್ಟಿ, ಈಗ ನಾನು ನಿನಗೆ ಒಂದು ಕೇಳುತ್ತೇನೆ. ಆ ಮೂರು ಬಾಗಿಲಲ್ಲಿ 4176 ಒಂದನ್ನೇ ಹಿಡಿ. ನಿನ್ನ ಲೆಕ್ಕಗಳಲ್ಲಿ ಅದರ ಮೇಲಿನ ಸಾಲಿನಲ್ಲಿ ಯಾವ ಯಾವ ಉತ್ತರ ಬರಬಹುದು? ಒಟ್ಟು ಎಷ್ಟು?

ಮಲೆನಾಡ_ಮಗಳು · ಸೋಮವಾರ, ರಾತ್ರಿ 9:50

ನನ್ನ ಕ್ಯಾಲೆಂಡರಿನಲ್ಲಿ ಉತ್ತರ ಇದೆ. ಆದರೆ ಹೇಳುವುದಿಲ್ಲ. ಫೋಟೋವನ್ನೂ ಸದ್ಯಕ್ಕೆ ಹಾಕುವುದಿಲ್ಲ, ಕಾವೇರಿಯವರು ಸ್ವಲ್ಪ ಕಾಯಬೇಕು.

ದಾವಣಗೆರೆ_ಅಮ್ಮ · ಮಂಗಳವಾರ, ಬೆಳಿಗ್ಗೆ 6:50

ಸ್ಕೂಲಿಗೆ ಹೊರಡುವ ಮುಂಚೆ ಬರೆಯಿಸಿ ಅಂತ ಹಠ ಹಿಡಿದು ನಿಂತಿದ್ದಾಳೆ. ಅವಳ ಮಾತಿನಲ್ಲೇ ಹಾಕುತ್ತೇನೆ:

"ಅಜ್ಜಾ, ನೋಟ್‌ಬುಕ್‌ನಲ್ಲಿ ಎರಡು ಸಿಕ್ಕಿವೆ. 6264 ತುಂಬ ಸಲ ಬಂದಿದೆ. 7533 ಒಂದೇ ಸಲ. ಆದರೆ 7533ರ ಅಂಕಿಗಳನ್ನೇ ತಿರುಗಿಸಿ 7353 ಬರೆದರೆ ಅದೂ ಬರಬೇಕು ಅಲ್ವಾ? ಹೊರಗೆ 7 + 3 ಹತ್ತೇ ಆಗುತ್ತದೆ, ಒಳಗೆ 3 + 5 ಎಂಟೇ ಆಗುತ್ತದೆ. ಇನ್ನೂ ಇದೆಯೋ ಏನೋ, ಬಸ್ಸಿನಲ್ಲಿ ಹುಡುಕುತ್ತೇನೆ. ನೀವು ಯಾರೂ ಹೇಳಬೇಡಿ."